ಹನ್ನೊಂದನೇ ಪುಟದ ಹುಡುಗಿ

ಆರನೇ ಪುಟದಲ್ಲಿದ್ದ ಹುಡುಗಿಯೇ ಹನ್ನೊಂದನೇ ಪುಟದಲ್ಲೂ ಇದ್ದಳು.

ನಮ್ಮ ಸಮಾಜದ ಪುಟ್ಟ ಮಾಸಪತ್ರಿಕೆಗೆ ನಾನು ಸಂಪಾದಕಿ. ಆಫೀಸು ಅಂದರೆ ಆಳಂದದ ನಮ್ಮ ಮನೆಯ ಊಟದ ಟೇಬಲ್ಲು, ಅಷ್ಟೇ. ಆವತ್ತು ಬೆಳಿಗ್ಗೆ ಡಿಟಿಪಿ ಮಾಡುವ ಇಸ್ಮಾಯಿಲ್ ಭಾಯಿ ಪ್ರೂಫ್ ಕಳಿಸಿದ್ದರು, ಮರುದಿನ ಪ್ರಿಂಟು. ಒಂದು ಕಡೆ ಕುಕ್ಕರ್ ಕೂಗಾಟ, ಇನ್ನೊಂದು ಕಡೆ ಮೊಬೈಲ್ ಬಿಡದ ನನ್ನ ಮಗಳು. ಸಿಟ್ಟು ನೆತ್ತಿಗೇರಿತ್ತು.

ಆರನೇ ಪುಟ ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆ ಮಾರ್ಕ್ಸ್ ತೆಗೆದ ಮಕ್ಕಳದ್ದು. ಎರಡು ಜಡೆ, ಯೂನಿಫಾರ್ಮ್, ಎಡಹುಬ್ಬಿನ ಮೇಲೊಂದು ಮಚ್ಚೆ.

ಹನ್ನೊಂದನೇ ಪುಟ ಮದುವೆ ನಿಶ್ಚಯವಾದವರಿಗೆ ಶುಭಾಶಯ ಕೋರುವುದು. ರೇಷ್ಮೆ ಸೀರೆ, ತಲೆತುಂಬ ಮಲ್ಲಿಗೆ... ಅದೇ ಮಚ್ಚೆ.

ಆರನೇ ಪುಟದ ಫೋಟೋ ಜೊತೆ, ಕಳಿಸಿದವರ ಹೆಸರಿಲ್ಲದೆ ಬಂದಿದ್ದ ಮಾರ್ಕ್ಸ್ ಕಾರ್ಡಿನ ಝೆರಾಕ್ಸ್ ಹುಡುಕಿ ಹುಟ್ಟಿದ ತಾರೀಖು ನೋಡಿದೆ. ಬೆರಳು ಮಡಚಿ ಎಣಿಸಿದೆ. ಹದಿನಾರು ತುಂಬಿ ಎರಡು ತಿಂಗಳು. ನನ್ನ ಮಗಳಿಗಿಂತ ಇಪ್ಪತ್ತು ದಿನ ಚಿಕ್ಕವಳು!

ಶುಭಾಶಯ ಕೋರಿದ್ದು ಹುಡುಗಿಯ ದೊಡ್ಡಪ್ಪ. ನಮ್ಮ ಸಂಘದ ಅಧ್ಯಕ್ಷರು, ನಾನು ಕಾಕಾ ಅನ್ನುತ್ತೇನೆ. ಊರು ಮಾದನಹಿಪ್ಪರಗಾ ಕಡೆ, ಹೆಸರು ಬೇಡ. ತಂದೆ ಇಲ್ಲದ ಹುಡುಗಿ, ಆ ಮನೆಯಲ್ಲಿ ಇವರದೇ ಮಾತು.

ತಡೆಯಲಾಗದೆ ಫೋನ್ ಮಾಡಿಬಿಟ್ಟೆ. ಅದೇ ನಾನು ಮಾಡಿದ ತಪ್ಪು.

"ಕಾಕಾ, ಮಾರ್ಕ್ಸ್ ಕಾರ್ಡಿನ್ಯಾಗ ಹುಡುಗಿಗೆ ಹದಿನಾರೇ ಅದ ಅಲ್ರಿ?"

ಅವರು ಮೆತ್ತಗೆ ಕೇಳಿದರು, "ಮಾರ್ಕ್ಸ್ ಕಾರ್ಡ್ ನಿನಗ ಯಾರ ಕಳಿಸ್ಯಾರ, ತಂಗಿ?"

ಆಗ ನನಗೆ ಹೊಳೆಯಿತು, ಆ ಕಾರ್ಡ್ ಕಳಿಸಿದ್ದು ಇವರಲ್ಲ.

"ಇರ್ಲಿ. ಕಲಬುರ್ಗಿಗೆ ಜವಳಿ ತಗೀಲಾಕ ಬಂದೇನಿ. ಸಂಜಿಗೆ ಮನಿಗಿ ಹೋಗಿ ನಾನ ಕೇಳ್ತೇನಿ."

ಫೋನ್ ಇಟ್ಟೆ. ಕಳಿಸಿದವರು ಯಾರೇ ಇರಲಿ, ಅವರನ್ನು ನಾನೇ ಹಿಡಿದುಕೊಟ್ಟಂತಾಯಿತಲ್ಲ! ಆ ಮನೆಯಲ್ಲಿ ಸಂಜೆ ಯಾರ ಮೇಲೆ ಕೈ ಬೀಳುತ್ತದೋ...

ಕುಕ್ಕರ್ ಇಳಿಸಿ, ಮಗಳಿಗೆ ಊಟ ಮಾಡು ಅಂತ ಹೇಳಿ, ಬಸ್ ಸ್ಟ್ಯಾಂಡಿಗೆ ಓಡಿದೆ. ಆ ಬಸ್ಸೋ, ಕೈ ಮಾಡಿದಲ್ಲೆಲ್ಲ ನಿಲ್ಲುತ್ತದೆ. ನಾನು ಐದು ನಿಮಿಷಕ್ಕೊಮ್ಮೆ ಟೈಮ್ ನೋಡುತ್ತಿದ್ದೇನೆ. ಕಾಕಾ ಕಲಬುರಗಿ ಬಿಟ್ಟರೋ ಏನೋ, ಯಾರಿಗೆ ಗೊತ್ತು?

ಅವರ ಮನೆ ಮುಟ್ಟಿದಾಗ ನಾಲ್ಕು ಗಂಟೆ. ಹುಡುಗಿಯ ಅವ್ವ ಅಡುಗೆಮನೆಯಲ್ಲಿ ಒಬ್ಬಳೇ ರೊಟ್ಟಿ ಬಡಿಯುತ್ತಿದ್ದಳು. ಮಹಾದೇವಿ ಅಂತ ಕರೆಯೋಣ, ನಿಜವಾದ ಹೆಸರಲ್ಲ.

"ತಂಗಿ, ನನ್ನಿಂದ ತಪ್ಪಾಗ್ಯಾದ. ಮಾರ್ಕ್ಸ್ ಕಾರ್ಡಿನ ಮಾತು ನಿಮ್ಮ ಭಾವನೋರ ಮುಂದ ಬಾಯಿ ಬಿಟ್ಟೇನಿ," ಅಂದೆ. "ನಿನ್ನ ಮಗಳು ಕಳಿಸಿದ್ಳೇನು?"

ಅವಳು ಹಿಟ್ಟಿನ ಕೈ ಒರೆಸಿಕೊಂಡಳು. "ಆಕಿಗೆ ಗೊತ್ತೇ ಇಲ್ರಿ ಅಕ್ಕಾರ. ನಾನ ಕಳಿಸೇನಿ."

"ಯಾಕ?"

"ಭಾವನೋರ ಮುಂದ ನಂದೇನ್ ನಡೀತದ್ರಿ? ಅವರು ಮದ್ವಿ ಫೋಟೋ ನಿಮಗ ಕಳಿಸ್ಯಾರಂತ ಗೊತ್ತಾತು. ಎರಡೂ ನಿಮ್ಮ ಕೈಯಾಗೇ ಬರ್ಲಿ ಅಂದೆ. ನೀವೂ ಹೆಣ್ಣ ಹಡದವ್ರು, ನೋಡ್ತೀರಿ ಅಂತ."

ನನಗೆ ಅಳು ಬಂತು. ಹಿತ್ತಲಿಗೆ ಹೋಗಿ ಮಕ್ಕಳ ಸಹಾಯವಾಣಿಗೆ ಫೋನ್ ಮಾಡಿದೆ. ಬರುತ್ತೇವೆ, ಅಲ್ಲೇ ಇರಿ ಅಂದರು.

ಅವರಿಗಿಂತ ಮೊದಲು ಬಂದದ್ದು ಕಾಕಾ. ಜವಳಿ ಚೀಲಗಳನ್ನು ಜಗಲಿಯ ಮೇಲಿಟ್ಟು, ನನ್ನನ್ನು ನೋಡಿ ಅಲ್ಲೇ ನಿಂತರು.

"ನೀ ಅಚ್ಚ ಹಾಕೂದಷ್ಟ ನೋಡವಾ. ನಮ್ಮ ಮನಿ ಮದ್ವಿ ನಾಕ ಅಕ್ಕಿಕಾಳಿಗೆ ನಿಂದೇನ್ ಅಡ್ಡಿ? ಮೊದಲ ಹೇಳು, ಆ ಕಾರ್ಡ್ ಯಾರ ಕೊಟ್ರು?"

"ನಾನ ಸಾಲಿಯಿಂದ ತರಿಸ್ಕೊಂಡೇನ್ರಿ ಕಾಕಾ," ಅಂತ ಸುಳ್ಳು ಹೇಳಿದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅಂತ ನನ್ನ ಲೆಕ್ಕ.

ಆಗ ಅಡುಗೆಮನೆ ಬಾಗಿಲಿಗೆ ಮಹಾದೇವಿ ಬಂದಳು. ತಲೆಯ ಮೇಲೆ ಸೆರಗು ಹಾಗೇ ಇತ್ತು.

"ಅಕ್ಕಾರು ಸುಳ್ಳ ಹೇಳಾಕತ್ತಾರ. ಕಳಿಸಿದಾಕಿ ನಾನು. ಈ ಮದ್ವಿ ನನಗ ಬ್ಯಾಡ್ರಿ."

ಆ ಮನೆಗೆ ಸೊಸೆಯಾಗಿ ಬಂದಾಗಿನಿಂದ ಅವಳು ಭಾವನ ಎದುರು ನಿಂತು ಮಾತಾಡಿದ್ದು ಅದೇ ಮೊದಲಂತೆ. ಕಾಕಾ ಕೈ ಎತ್ತಿದರು. ನಾನು ಎದ್ದು ಅವಳ ಪಕ್ಕ ನಿಂತೆ. ಒಳಗಿನಿಂದ ಹುಡುಗಿ ಓಡಿಬಂದು ಅವ್ವನ ಸೆರಗು ಹಿಡಿದುಕೊಂಡಳು. ಎತ್ತಿದ ಕೈ ಬೀಳಲಿಲ್ಲ, ಆದರೆ ಬೈಗುಳ ನಿಲ್ಲಲೇ ಇಲ್ಲ. ಸಹಾಯವಾಣಿಯವರ ಜೀಪು ಬರುವವರೆಗಿನ ಆ ಅರ್ಧ ಗಂಟೆ ನಾವು ಮೂವರೂ ಹಾಗೇ ಗೋಡೆಗೆ ಒತ್ತಿ ನಿಂತಿದ್ದೆವು.

ಹದಿನೆಂಟು ತುಂಬುವ ತನಕ ಮದುವೆ ಮಾಡುವುದಿಲ್ಲ ಅಂತ ಕಾಕಾ ಮುಚ್ಚಳಿಕೆ ಬರೆದುಕೊಟ್ಟರು. ತಾಯಿ ಮಗಳು ಈಗ ಜೇವರ್ಗಿ ಕಡೆ ತವರಲ್ಲಿದ್ದಾರೆ, ಹುಡುಗಿ ಪಿಯುಸಿ ಸೇರಿದ್ದಾಳೆ. ಇದನ್ನು ಅವರಿಬ್ಬರನ್ನೂ ಕೇಳಿಯೇ ಬರೆಯುತ್ತಿದ್ದೇನೆ. ಆದರೂ ಹದಿನೆಂಟಕ್ಕೆ ಇನ್ನೂ ಬಹಳ ದಿನ ಇದೆ... ಮಹಾದೇವಿಯ ನಂಬರಿನಿಂದ ಫೋನ್ ಬಂದರೆ ಈಗಲೂ ಜೀವ ಬಾಯಿಗೆ ಬರುತ್ತದೆ.

ಸಮಾಜದ ಮರ್ಯಾದೆ ಬೀದಿಗೆ ತಂದೆ ಅಂತ ವಾಟ್ಸಾಪ್ ಗ್ರೂಪಿನಲ್ಲಿ ನನಗೆ ಉಗಿದದ್ದಾಯಿತು. ಮುಂದಿನ ತಿಂಗಳಿಂದ ಸಂಪಾದಕರು ಬೇರೆಯಂತೆ. ಆಗಲಿ ಬಿಡಿ. ಹನ್ನೊಂದನೇ ಪುಟದಿಂದ ತೆಗೆದು, ಆರನೇ ಪುಟದಲ್ಲಿ ಮಾತ್ರ ಅವಳ ಫೋಟೋ ಅಚ್ಚಾಗಿದೆ, ನನಗೆ ಅಷ್ಟು ಸಾಕಾಗಬೇಕಿತ್ತು.

ಸಾಕಾಗಲಿಲ್ಲ. ನಿನ್ನೆ ಕಪಾಟಿನಿಂದ ಹಳೆಯ ಸಂಚಿಕೆಗಳನ್ನು ತೆಗೆದು ಹನ್ನೊಂದನೇ ಪುಟಗಳನ್ನಷ್ಟೇ ನೋಡುತ್ತಾ ಕೂತೆ. ಪ್ರತಿ ಮುಖದ ಸುತ್ತ ನಾನೇ ಆರಿಸಿದ ಹೂವಿನ ಬಾರ್ಡರ್.

ಆರು ವರ್ಷದಿಂದ ಈ ಪತ್ರಿಕೆಯ ಒಂದೊಂದು ಅಕ್ಷರ ತಿದ್ದಿದವಳು, ಈ ಹುಡುಗಿಯರಲ್ಲಿ ಒಬ್ಬಳ ವಯಸ್ಸನ್ನಾದರೂ ಯಾಕೆ ಕೇಳಲಿಲ್ಲ?