ಸಿಂಧನೂರಿನಲ್ಲಿ ಫ್ರೆಂಚ್ ಕುರ್ಚಿಗಳು

ಖಾಲಿ ಕೋಣೆಗಿಂತ ಖಾಲಿ ಕುರ್ಚಿಯಿರುವ ಕೋಣೆ ಹೆಚ್ಚು ಖಾಲಿಯಾಗಿ ಕಾಣುತ್ತದೆ, ನೀವೂ ಗಮನಿಸಿರಬೇಕು. ಕುರ್ಚಿ ಸದಾ ಯಾರನ್ನೋ ಕಾಯುತ್ತಿರುತ್ತದೆ. ನನ್ನ ಮನೆಯಲ್ಲಿ ಹಾಗೆ ಕಾಯುವವು ನಾಲ್ಕಿದ್ದವು, ಕೂರಲು ನಾನೊಬ್ಬನೇ.

ಎಂಬತ್ತರ ದಶಕದ ಕೊನೆಗೆ ಬ್ಯಾಂಕಿನ ನೌಕರಿ ನನ್ನನ್ನು ಸಿಂಧನೂರಿಗೆ ತಂದು ಹಾಕುವ ಮೊದಲು ಕೆಲಕಾಲ ಪಾಂಡಿಚೇರಿಯಲ್ಲಿದ್ದೆ. ಅಲ್ಲಿಯ ಹಳೆಯ ಸಾಮಾನಿನ ಅಂಗಡಿಯಲ್ಲಿ, ಮಹಾಯುದ್ಧ ಮುಗಿದ ಮೇಲೆ ಫ್ರಾನ್ಸಿನ ಯಾವನೋ ಕುಶಲಕರ್ಮಿ ರೂಪಿಸಿದ, ಬಾಗಿದ ಉಕ್ಕಿನ ಕಾಲಿಗೆ ತೆಳುಹಲಗೆಯ ಬೆನ್ನು ಕೂಡಿಸಿದ ಕುರ್ಚಿಯೊಂದನ್ನು ಕಂಡು, ಯಾವ ವಧುಪರೀಕ್ಷೆಯಲ್ಲೂ ಆಗದ ರೋಮಾಂಚನವನ್ನು ಅನುಭವಿಸಿ, ಬಸ್ಸಿನ ಮೇಲೆ ಹೇರಿಕೊಂಡು ಬಂದೆ. ಒಂದಕ್ಕೆ ಜೊತೆ ಬೇಡವೇ? ಲಿಂಗಸುಗೂರಿನ ಗುಜರಿ ವ್ಯಾಪಾರಿ ಖಾಸೀಮ್ ಸಾಬರಿಗೆ ನನ್ನ ಹುಚ್ಚು ತಿಳಿದದ್ದೇ ತಡ, ಅವರ ಅಂಗಡಿಯ ಕುರ್ಚಿಗಳೆಲ್ಲ ಫ್ರಾನ್ಸಿನಲ್ಲೇ ಹುಟ್ಟತೊಡಗಿದವು. ಒಂದನ್ನಂತೂ ಮಸ್ಕಿಯ ಶಾಸನ ನೋಡಲು ಬಂದ ಫ್ರೆಂಚ್ ಪಂಡಿತನೇ ಬಿಟ್ಟುಹೋದನೆಂದು ಆಣೆ ಮಾಡಿದರು. ಅದರ ಅಡಿಯಲ್ಲಿ ಯಾವುದೋ ಸರಕಾರಿ ಕಚೇರಿಯ ನಂಬರು ಬರೆದಿತ್ತು. ಪಂಡಿತ ಸರಕಾರಿ ನೌಕರನಿದ್ದಿರಬೇಕೆಂದು ನಾನೂ ನಂಬಿದೆ.

ಪ್ರತಿ ಸಂಜೆ ನಾಲ್ಕನ್ನೂ ಒರೆಸಿ, ಬಾಗಿಲಿಗೆ ಮುಖ ಮಾಡಿಸಿ, ಕದ ತೆರೆದಿಟ್ಟು ಕೂರುತ್ತಿದ್ದೆ. ಯಾರಾದರೂ ಬಂದು ಕೂತು ನಾಲ್ಕು ಮಾತಾಡಲಿ ಎಂಬುದೇ ನಿಜವಾದ ಆಸೆ. ಕಲಾರಸಿಕತೆಯೆಲ್ಲ ಅದರ ಮೇಲಿನ ಪಾಲಿಶ್. ಓಣಿಯ ಜನ ಹೊಸ್ತಿಲಾಚೆಯಿಂದಲೇ ನಕ್ಕು, ಊಟ ಆಯಿತೇ ಎಂದು ವಿಚಾರಿಸಿ, ಮುಂದೆ ಹೋಗುತ್ತಿದ್ದರು. ವರ್ಷಗಳು ಹೀಗೇ ಕಳೆದವು. ನಾನೇನು ತಪ್ಪು ಮಾಡಿದೆನೋ ಎಂದು ಸಂಕಟವಾಗುತ್ತಿತ್ತು.

ಒಮ್ಮೆ ಜ್ವರ ಹಿಡಿದು ಮಲಗಿದಾಗ ಎದುರುಮನೆಯ ಶರಣಮ್ಮ ಗಂಜಿ ತಂದರು. ಕುರ್ಚಿ ತೋರಿಸಿದರೆ ಒಲ್ಲೆನೆಂದು ನೆಲದ ಮೇಲೇ ಕೂತರು. ಇಷ್ಟು ವರ್ಷ ಯಾರೂ ಒಳಗೇಕೆ ಬರಲಿಲ್ಲವೆಂದು, ಜ್ವರದ ಧೈರ್ಯದಲ್ಲಿ, ಕೇಳಿಯೇಬಿಟ್ಟೆ.

"ದಿನಾ ಕುರ್ಚಿ ಒರೆಸಿ ಹೊಂದಿಸಿ ಇಡ್ತಿದ್ರಿ. ಯಾರೋ ದೊಡ್ಡ ಮಂದಿ ಬರೋರದಾರ, ನಡುವ ನಾವ್ಯಾಕ ಅಂತ ಸುಮ್ನಿದ್ವಿರಿ. ನಾವು ಬರಲಿ ಅಂತಿದ್ರ ಜಮಖಾನಿ ಹಾಸ್ತಿದ್ರಿಲ್ಲೇನು?"

"ಯಾರೂ ಬರೋರಿಲ್ರಿ ಶರಣಮ್ಮ," ಎಂದೆ. ಕಣ್ಣು ತುಂಬಿ ಬಂತು. ಅಪವಾದವನ್ನು ಜ್ವರದ ಮೇಲೆ ಹಾಕಿದೆ. ಈ ಸೀಮೆಯಲ್ಲಿ ಕುರ್ಚಿ ಹಾಕುವುದು ಸಾಹೇಬರಿಗೆ, ಜಮಖಾನೆ ಹಾಸುವುದು ತಮ್ಮವರಿಗೆ. ಫ್ರಾನ್ಸಿನ ಮರಗೆಲಸದ ಮರ್ಮ ತಿಳಿದವನಿಗೆ ಓಣಿಯ ಇಷ್ಟು ರೀತಿ ತಿಳಿದಿರಲಿಲ್ಲ.

ಗುಣವಾದ ಮೇಲೆ ಕುರ್ಚಿಗಳನ್ನು ಗೋಡೆಗೆ ಸರಿಸಿ, ನಡುಮನೆಯಲ್ಲಿ ಜಮಖಾನೆ ಹಾಸಿದೆ. ಮೊದಲ ಸಂಜೆ ಯಾರೂ ಬರಲಿಲ್ಲ. ಖಾಲಿ ಜಮಖಾನೆಯೂ ಕಾಯುತ್ತದೆ; ಆದರೆ ಅದು ಯಾರನ್ನು ಕಾಯುತ್ತಿದೆ ಎಂಬುದು ಓಣಿಗೆಲ್ಲ ಗೊತ್ತು.