ಅಕ್ಕ ಹತ್ತಿದ ಕಾರು

ನಮ್ಮ ಭಾವ ಟ್ಯಾಕ್ಸಿ ಡ್ರೈವರು. ಊರಲ್ಲಿ ಅರ್ಧ ಜನ ಅವರ ಕಾರಲ್ಲಿ ಕೂತಿದ್ದಾರೆ. ನಮ್ಮಕ್ಕ ಮಾತ್ರ ಕೂತಿಲ್ಲ. ಎಂಜಿನ್ ಗುರ್ ಅಂದ್ರೆ ಸಾಕು, ಅವಳಿಗೆ ಹೊಟ್ಟೆ ತೊಳಸುತ್ತೆ. ಮದುವೆ ದಿನವೇ ಕಾರು ಹತ್ತದೆ ನಡ್ಕೊಂಡು ಗಂಡನ ಮನೆಗೆ ಹೋದವಳು. ಭಾವ ಖಾಲಿ ಕಾರನ್ನ ಪಕ್ಕದಲ್ಲೇ ಮೆಲ್ಲಗೆ ಓಡಿಸ್ಕೊಂಡು ಬಂದ್ರು.

ಭಾವ ಮಾತಾಡೋದು ಕಮ್ಮಿ. ನಾನೂ ಅಷ್ಟೇ. ಅದಕ್ಕೇ ನಮ್ಮಿಬ್ಬರಿಗೂ ಸರಿಹೋಗುತ್ತೆ.

ಅವರ ಮಗಳು ಬಸುರಿ ಆದಳು. ಅವಳ ಊರಿಗೆ ರೈಲಿಲ್ಲ. ಬಸ್ಸು ಅಕ್ಕನಿಗೆ ಆಗಲ್ಲ. ಮಗಳನ್ನ ನೋಡ್ಲೇಬೇಕು ಅಂತ ಅಕ್ಕ ಅತ್ತಳು.  ಭಾವ ಹಳೇ ಕಾರು ಮಾರಿ, ಯಾರೋ ಓಡಿಸಿದ್ದ ಪ್ಲಗ್-ಇನ್ ಹೈಬ್ರಿಡ್ ತಂದ್ರು. ಮನೇಲಿ ವೈರು ಚುಚ್ಚಿ ಚಾರ್ಜ್ ಮಾಡಿದ್ರೆ ಅದು ಬ್ಯಾಟರೀಲಿ ಓಡುತ್ತೆ. ಬ್ಯಾಟರಿ ಮುಗಿದ್ರೆ ಪೆಟ್ರೋಲು. ಮಗಳ ಮನೆ ತನಕ ಬ್ಯಾಟರಿನೇ ಸಾಕು.

"ಶಬ್ದ ಇಲ್ಲ ಕಣೆ, ವಾಸನೆ ಇಲ್ಲ" ಅಂದ್ರು.

"ಒಂದ್ ಹನಿ ಪೆಟ್ರೋಲ್ ಸುಡದೆ ಓಡಿಸಿ ತೋರ್ಸಿ. ಆಮೇಲೆ ಕೂರ್ತೀನಿ" ಅಂದಳು ಅಕ್ಕ.

ಅಳಿಯ ಬ್ಯಾಟರಿ ಸ್ಕೂಟರ್ ಮಾರೋನು. ಮನೆಗೆ ಬಂದವನು ಕಾರು ನೋಡಿ ನಕ್ಕ. "ಮಾವ, ಇದು ಅತ್ತ ಕರೆಂಟೂ ಅಲ್ಲ, ಇತ್ತ ಪೆಟ್ರೋಲೂ ಅಲ್ಲ. ತಗೊಂಡೋರು ವೈರೇ ಚುಚ್ಚಲ್ಲ. ಪೆಟ್ರೋಲಲ್ಲೇ ಓಡಾಡ್ಕೊಂಡು, ಹೊಗೆ ಕಮ್ಮಿ ಅಂತ ಡಂಗುರ ಹೊಡೀತಾರೆ. ಟಿವೀಲಿ ದಿನಾ ಇದೇ ಜಗಳ."

ಭಾವ ಅಡುಗೆಮನೆ ಕಿಟಕಿ ತೋರಿಸಿದ್ರು. ಅಲ್ಲಿಂದ ವೈರು ಇಳಿದು ಕಾರಿಗೆ ಹೋಗಿತ್ತು. ಕಾರು ಕರೆಂಟ್ ಕುಡಿಯೋವಾಗ ಅಕ್ಕ ಮಿಕ್ಸಿ ಹಾಕೋ ಹಾಗಿರಲಿಲ್ಲ.

ತಿಂಗಳುಗಟ್ಟಲೆ ಭಾವ ಪೆಟ್ರೋಲ್ ಮುಟ್ಟಲಿಲ್ಲ. ದೂರದ ಬಾಡಿಗೆ ಬಂದ್ರೆ ಬೇಡ ಅಂದ್ರು. ಕೊನೆಗೆ ಅಕ್ಕ ಒಪ್ಪಿದಳು.

ಅವತ್ತು ಅಕ್ಕ ಮುಂದೆ ಕೂತಳು, ಕೈಯಲ್ಲಿ ಪ್ಲಾಸ್ಟಿಕ್ ಕವರು ಹಿಡ್ಕೊಂಡು. ನಾನು ಹಿಂದೆ. ಕಾರು ಬೆಕ್ಕಿನ ಹಾಗೆ ಹೊರಟಿತು. ಅಕ್ಕ ಕಿಟಕಿ ಆಚೆ ನೋಡ್ತಾ ನೋಡ್ತಾ ಕವರು ಮಡಚಿ ಮಡಿಲಲ್ಲಿ ಇಟ್ಕೊಂಡಳು.

ಸೇತುವೆ ದಾಟಿದ್ವಿ. ಗುರ್ ಅಂತು.

ಬ್ಯಾಟರಿ ತುಂಬಾನೇ ಇತ್ತು. ಆದ್ರೆ ಪೆಟ್ರೋಲ್ ತುಂಬಾ ದಿನ ಹಾಗೇ ಇದ್ರೆ ಕೆಡುತ್ತಂತೆ. ಅದಕ್ಕೆ ಕಾರು ತಾನೇ ಎಂಜಿನ್ ಹಚ್ಚಿ ಸುಡುತ್ತಂತೆ. ವೈರ್ ಚುಚ್ಚದೋರ ಬಗ್ಗೆ ಟಿವೀಲಿ ಅಷ್ಟು ಜಗಳ ಆಯ್ತಲ್ಲ, ದಿನಾ ಚುಚ್ಚೋರ ಗತಿ ಏನು ಅಂತ ಯಾರೂ ಹೇಳಲಿಲ್ಲ.

ಭಾವ ಕನ್ನಡೀಲಿ ನನ್ನ ನೋಡಿದ್ರು. ಮುಖ ಬಿಳಿಚಿತ್ತು. ಆಮೇಲೆ ಬಾಯಿ ತೆಗೆದು ಹಾಡೋಕೆ ಶುರು ಮಾಡಿದ್ರು. ಜೋರಾಗಿ. ಜೀವಮಾನದಲ್ಲಿ ಅವರು ಹಾಡಿದ್ದು ನಾನು ಕೇಳಿರಲಿಲ್ಲ. ರಾಗ ಇಲ್ಲ, ತಾಳ ಇಲ್ಲ, ಪದಾನೂ ಗೊತ್ತಿಲ್ಲ. ಎಂಜಿನ್ ಜೋರಾದ್ರೆ ಅವರೂ ಜೋರು. ಅಕ್ಕ ಕಿಟಕಿ ಕಡೆ ತಿರುಗಿ ಸೆರಗಿಂದ ಬಾಯಿ ಮುಚ್ಕೊಂಡಳು. ನಾನು ಕವರು ಎಲ್ಲಿದೆ ಅಂತ ನೋಡಿದೆ. ಮಡಿಲಲ್ಲೇ ಇತ್ತು, ಮಡಚಿದ್ದು ಮಡಚಿದ ಹಾಗೇ.

ಗೇಟಲ್ಲಿ ಅಳಿಯ ಕಾಯ್ತಿದ್ದ. "ಏನತ್ತೆ, ಎಂಜಿನ್ ಸದ್ದು ಬಂತಾ?"

"ಎಲ್ಲಿ ಬಂತು? ನಂಗೇನೂ ಕೇಳಿಸ್ಲಿಲ್ಲಪ್ಪ" ಅಂದು ಅಕ್ಕ ಸೀದಾ ಮಗಳ ಹತ್ರ ಹೋದಳು.

 ಭಾವ ನೀರು ಕುಡಿದ್ರು. ಹಾಡಿ ಹಾಡಿ ಗಂಟಲು ಕಟ್ಟಿತ್ತು.

ಸಂಜೆ ವಾಪಸ್ ಹೊರಟ್ವಿ. ಅಕ್ಕ ತಾನೇ ಮುಂದಿನ ಬಾಗಿಲು ತೆಗೆದು ಕೂತಳು. ಭಾವ ಕೆಮ್ಮಿ ಗಂಟಲು ಸರಿಮಾಡ್ಕೊಂಡ್ರು.

"ಇದು ಗುರ್ ಅಂದ್ರೆ ಅನ್ಲಿ ಬಿಡ್ರೀ" ಅಂದಳು ಅಕ್ಕ. "ನೀವು ಮಾತ್ರ ಹಾಡ್ಬೇಡಿ."