ಮಠದಲ್ಲಿ ಸಿಕ್ಕ ಷಡ್ಜ

1999ರ ಆಗಸ್ಟ್ ತಿಂಗಳಲ್ಲಿ ಸ್ಯಾನ್ ಹೊಸೆಯ ಆಸ್ಪತ್ರೆಯೊಂದರಲ್ಲಿ ನನ್ನ ಹೆಂಡತಿಗೆ ಥೈರಾಯ್ಡ್ ಗ್ರಂಥಿಯ ಶಸ್ತ್ರಚಿಕಿತ್ಸೆ ಆಯಿತು. ತೆಗೆದ ಗಂಟು ಅಪಾಯದ್ದಲ್ಲ ಎಂದು ವರದಿ ಬಂತು. ಅವಳಿಗೆ ಎಚ್ಚರವಾದಾಗ ದನಿ ಇರಲಿಲ್ಲ. ಬಾಯಿ ತೆರೆದರೆ ಉಸಿರಷ್ಟೇ ಬರುತ್ತಿತ್ತು.

ಹೀಗಾಗುವ ಸಾಧ್ಯತೆ ಇದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಗ್ರಂಥಿಯ ಬೆನ್ನಿಗೇ ಹಾದುಹೋಗುವ ಒಂದು ನರ ನೊಂದಿತ್ತು. ಅದರಿಂದ ಒಂದು ಕಡೆಯ ಧ್ವನಿತಂತು ಸರಿಯಾಗಿ ಮುಚ್ಚುತ್ತಿರಲಿಲ್ಲ. ಒಂದು ವರ್ಷ ಕಾಯಬೇಕು, ಅಷ್ಟರಲ್ಲಿ ಎಷ್ಟು ಮರಳಿ ಬರುತ್ತದೋ ಅಷ್ಟು, ಆಮೇಲೆ ಹೆಚ್ಚಿನ ಆಸೆ ಇಟ್ಟುಕೊಳ್ಳಬೇಡಿ ಎಂದರು. ಅವಳು ಸಂಗೀತದ ಟೀಚರು ಎಂಬುದು ಅವರಿಗೆ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಆ ಮಾತನ್ನು ಎರಡು ಸಲ ಹೇಳಿದರು.

ನಾವಾಗ ಸನ್ನಿವೇಲ್‌ನಲ್ಲಿ, ರೈಲು ನಿಲ್ದಾಣದಿಂದ ಹೆಚ್ಚು ದೂರವಿಲ್ಲದ ಅಪಾರ್ಟ್‌ಮೆಂಟಿನಲ್ಲಿದ್ದೆವು. ನಾನು ಪತ್ರಿಕೆಯೊಂದರ ಡೆಸ್ಕಿನಲ್ಲಿ ಬೇರೆಯವರ ವರದಿ ತಿದ್ದುವ ಕೆಲಸದಲ್ಲಿದ್ದೆ. ಅವಳು ಶನಿವಾರ, ಭಾನುವಾರ ಬೆಳಿಗ್ಗೆ ಮನೆಯ ಹಾಲಿನಲ್ಲಿ ಪಾಠ ಮಾಡುತ್ತಿದ್ದಳು. ಮೈಸೂರು, ಬೆಂಗಳೂರಿನವರ ಮಕ್ಕಳು, ಮನೆಯಲ್ಲಿ ತುಳು ಮಾತಾಡುವ ಉಡುಪಿಯ ಕಡೆಯ ಒಂದಿಬ್ಬರು. ಬಾಗಿಲ ಹೊರಗೆ ಶೂಗಳ ರಾಶಿ ಬೀಳುತ್ತಿತ್ತು. ಅದರ ಬಗ್ಗೆ ಎದುರು ಮನೆಯವರು ಮ್ಯಾನೇಜರಿಗೆ ಒಮ್ಮೆ ದೂರನ್ನೂ ಕೊಟ್ಟಿದ್ದರು.

ಪಾಠದ ಕೇಂದ್ರ ಒಂದು ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ. ತಂಬೂರಿಯ ಬದಲು ಅದೇ ಗುಂಯ್‌ಗುಡುತ್ತದೆ. ಹಾಡುವವರು ಆ ನಾದಕ್ಕೆ ತಮ್ಮ ಷಡ್ಜವನ್ನು, ಅಂದರೆ ‘ಸ’ವನ್ನು ಸೇರಿಸಿ ಹಾಡುತ್ತಾರೆ. ಶ್ರುತಿ ಎಷ್ಟು ಎತ್ತರದಲ್ಲಿರಬೇಕು ಎಂಬುದಕ್ಕೆ ನಮ್ಮಲ್ಲಿ ಹಾರ್ಮೋನಿಯಮ್ಮಿನ ಮನೆಗಳ, ಅಂದರೆ ಒತ್ತುವ ಪಟ್ಟಿಗಳ, ಲೆಕ್ಕ. ಅವಳದು ಐದೂವರೆ ಮನೆ. ಹುಡುಗಿಯಾಗಿದ್ದಾಗ ಮೈಸೂರಿನಲ್ಲಿ ಗುರುಗಳು ನಿಲ್ಲಿಸಿಕೊಟ್ಟ ಜಾಗ ಅದು. ಪೆಟ್ಟಿಗೆ ಕೊಂಡ ದಿನವೇ ತಿರುಗಣೆಯನ್ನು ಐದೂವರೆಗೆ ತಂದು, ಯಾರೂ ಅಲ್ಲಾಡಿಸದಂತೆ ಅದರ ಮೇಲೆ ಬ್ಯಾಂಡೇಜಿನ ಪಟ್ಟಿ ಅಂಟಿಸಿದ್ದಳು.

ದೀಪಾವಳಿಯ ಹೊತ್ತಿಗೆ ಮಾತು ಮರಳಿತು. ಫೋನಿನಲ್ಲಿ ಕೇಳಿದವರಿಗೆ ವ್ಯತ್ಯಾಸವೇ ತಿಳಿಯುತ್ತಿರಲಿಲ್ಲ. ಹಾಡು ಮರಳಲಿಲ್ಲ. ಐದೂವರೆಯಲ್ಲಿ ಮಧ್ಯ ಷಡ್ಜ ಹೇಗೋ ನಿಲ್ಲುತ್ತಿತ್ತು; ಪಂಚಮ ದಾಟಿದರೆ ದನಿ ಒಡೆಯುತ್ತಿತ್ತು; ಮೇಲಿನ ಷಡ್ಜದಲ್ಲಿ ಬರೀ ಗಾಳಿ. ಅವಳು ಮಕ್ಕಳ ಮುಂದೆ ಹಾಡುವುದನ್ನು ನಿಲ್ಲಿಸಿದಳು. ಸ್ವರಗಳನ್ನು ಕೀಬೋರ್ಡಿನಲ್ಲಿ ನುಡಿಸಿ ತೋರಿಸುವುದು, ತೊಡೆಯ ಮೇಲೆ ತಾಳ ಹಾಕುವುದು, ದೊಡ್ಡ ಹುಡುಗಿಯೊಬ್ಬಳಿಂದ ಹಾಡಿಸಿ ಚಿಕ್ಕವರಿಗೆ ಹೇಳಿಸುವುದು, ಹೀಗೆ ಪಾಠ ಸಾಗುತ್ತಿತ್ತು. ಏಳು ವರ್ಷದ ಒಬ್ಬ ಹುಡುಗ ಒಂದು ಶನಿವಾರ, ಆಂಟಿ, ಕೀಬೋರ್ಡು ಬೇಡ, ಕ್ಯಾನ್ ಯು ಜಸ್ಟ್ ಸಿಂಗ್ ಇಟ್, ಎಂದು ಕೇಳಿದ. ಮುಂದಿನ ವಾರ ಎಂದಳು. ಅವನು ಮುಂದಿನ ವಾರವೂ ಕೇಳಿದ.

ಸ್ಯಾನ್ ಮಟಿಯೋದಲ್ಲಿ ದನಿಯ ಅಭ್ಯಾಸ ಮಾಡಿಸುವ ಒಬ್ಬ ಥೆರಪಿಸ್ಟ್ ಇದ್ದರು. ಅವರು ಪ್ರತಿ ಸಲ ಹೇಳುತ್ತಿದ್ದುದು ಒಂದೇ: ಕೆಳಗೆ ಇಳಿದು ಹಾಡಿ ನೋಡಿ. ಹಿಂದಿರುಗುವಾಗ ಫ್ರೀವೇಯ ಉದ್ದಕ್ಕೂ, ಡಾಟ್‌ಕಾಮ್ ಕಂಪನಿಗಳ ದೊಡ್ಡ ಜಾಹೀರಾತು ಫಲಕಗಳ ಕೆಳಗೆ, ಕಾರುಗಳು ತೆವಳುತ್ತಿದ್ದವು. ಅವಳು ಕಿಟಕಿಯ ಕಡೆ ತಿರುಗಿ ಕೂತಿರುತ್ತಿದ್ದಳು. ನಾನು ಒಮ್ಮೆ, ಅರ್ಧ ಮನೆಯಾದರೂ ಇಳಿಸಿ ನೋಡಬಾರದೇಕೆ ಎಂದೆ.

“ಶ್ರುತಿ ಇಳಿಸೋದು ಅಂದ್ರೆ ರೇಡಿಯೋ ಸ್ಟೇಷನ್ ಬದಲಾಯಿಸೋದಲ್ಲ ರೀ,” ಎಂದಳು. “ಅರವತ್ತೈದಾದ ಮೇಲೆ ಮಾಡೋ ಕೆಲಸ ಅದು. ನಂಗೆ ಮೂವತ್ತೆಂಟು.”

ಇದನ್ನು ಹೊರಗಿನವರು ಹಟ ಎನ್ನಬಹುದು. ಅವಳಿಗೆ ಹಾಗಿರಲಿಲ್ಲ. ಇಳಿಸಿದ ದಿನ ಐದೂವರೆ ಮುಗಿಯಿತು ಎಂದು ತಾನೇ ಬರೆದುಕೊಟ್ಟ ಹಾಗೆ. ವರ್ಷ ಇನ್ನೂ ಮುಗಿದಿಲ್ಲವಲ್ಲ ಎಂಬುದು ಅವಳ ಲೆಕ್ಕ.

2000ದ ಜೂನ್‌ನಲ್ಲಿ ನನಗೆ ರಜೆ ಸಿಕ್ಕಿತು. ಅವಳ ತಮ್ಮ ಆಗ ದಕ್ಷಿಣ ಫ್ರಾನ್ಸಿನಲ್ಲಿ, ಸಮುದ್ರದಿಂದ ಸ್ವಲ್ಪ ಒಳಗಿದ್ದ ಊರಿನಲ್ಲಿ, ಹೆಂಡತಿ ಮತ್ತು ಪುಟ್ಟ ಮಗಳ ಜೊತೆ ಇದ್ದ. ಬಾ ಅಕ್ಕ ಎಂದು ವರ್ಷದಿಂದ ಕರೆಯುತ್ತಿದ್ದ. ಹೆಂಡತಿ ಶ್ರುತಿಪೆಟ್ಟಿಗೆಯನ್ನು ಸೂಟ್‌ಕೇಸಿನ ಪಕ್ಕ ಇಟ್ಟಿದ್ದಳು. ಹೊರಡುವ ಬೆಳಿಗ್ಗೆ ನೋಡಿದರೆ ಅದು ಮತ್ತೆ ದೇವರ ಮನೆಯ ಕಪಾಟಿನ ಕೆಳಗಿತ್ತು.

ಮಠಕ್ಕೆ ಕರೆದುಕೊಂಡು ಹೋದವನು ಆ ತಮ್ಮ. ಹನ್ನೆರಡನೆಯ ಶತಮಾನದ ಕ್ರೈಸ್ತ ಸನ್ಯಾಸಿಗಳ ಮಠ. ಈಗ ಅಲ್ಲಿ ಸನ್ಯಾಸಿಗಳಿಲ್ಲ. ಸರ್ಕಾರ ನೋಡಿಕೊಳ್ಳುತ್ತದೆ, ಟಿಕೆಟ್ ಕೊಂಡು ಒಳಗೆ ಹೋಗಬೇಕು. ಓಕ್ ಮರಗಳ ನಡುವೆ ಕೆಂಪು ಮಣ್ಣಿನ ದಾರಿ, ಕಿವಿ ತುಂಬುವಷ್ಟು ಜೀರುಂಡೆಗಳ ಸದ್ದು. ಕಟ್ಟಡದಲ್ಲಿ ಅಲಂಕಾರ ಎಂಬುದೇ ಇಲ್ಲ. ಮೂರ್ತಿಗಳಿಲ್ಲ, ಬಣ್ಣದ ಗಾಜಿಲ್ಲ. ಗಾರೆ ಕಾಣದಂತೆ ಒಂದರ ಪಕ್ಕ ಒಂದು ಕೂರಿಸಿದ ಕಲ್ಲುಗಳು. ಹೇಮಾವತಿ, ಕಾವೇರಿ ತೀರದ ಗುಡಿಗಳಲ್ಲಿ ಬೆರಳಗಲ ಜಾಗ ಬಿಡದೆ ಕೆತ್ತಿದ್ದನ್ನು ನೋಡಿ ಬೆಳೆದ ನಮಗೆ ಮೊದಲು, ಕೆಲಸ ಅರ್ಧಕ್ಕೆ ನಿಂತಿದೆಯೇನೋ ಅನಿಸಿತು.

ಆ ಸನ್ಯಾಸಿಗಳು ದಿನದ ಬಹುಭಾಗ ಮೌನದಲ್ಲಿರುತ್ತಿದ್ದರು, ಬಾಯಿ ಬಿಡುತ್ತಿದ್ದುದು ಹೆಚ್ಚಾಗಿ ಪ್ರಾರ್ಥನೆಯ ಹಾಡಿಗೆ ಎಂದು ಫಲಕ ಓದಿ ತಮ್ಮ ಹೇಳಿದ.

“ನಿಂಗೆ ಹೇಳಿ ಮಾಡಿಸಿದ ಜಾಗ ಅಕ್ಕ. ಹೋದ ವರ್ಷದಿಂದ ನೀನೂ ಅರ್ಧ ಸನ್ಯಾಸಿನೇ.”

“ನಿನ್ನನ್ನ ಇಲ್ಲಿ ಸೇರಿಸಿದ್ರೆ ಮೊದಲನೇ ದಿನವೇ ಓಡಿಸ್ತಿದ್ರು,” ಎಂದಳು. “ಕಾರು ಹತ್ತಿದಾಗಿಂದ ಬಾಯಿ ಮುಚ್ಚಿಲ್ಲ ನೀನು.”

ಚರ್ಚಿನೊಳಗೆ ತಂಪು, ಮಬ್ಬು. ಗೈಡ್ ಐವತ್ತು ದಾಟಿದ ಹೆಂಗಸು, ಗಿಡ್ಡ ನರೆಗೂದಲು. ನಮ್ಮ ಜೊತೆ ವಯಸ್ಸಾದ ಕೆಲವು ಪ್ರವಾಸಿಗಳಿದ್ದರು. ಗೈಡ್ ಸ್ವಲ್ಪ ಹೊತ್ತು ಕಟ್ಟಡದ ಬಗ್ಗೆ ಹೇಳಿ, ಆಮೇಲೆ ಸುಮ್ಮನಿರಿ ಎಂದು ಕೈ ತೋರಿಸಿ, ಒಂದು ಸ್ವರ ಹಾಡಿದರು. ಬಾಯಿ ಮುಚ್ಚಿದ ಮೇಲೂ ಸ್ವರ ಚಾವಣಿಯ ಕೆಳಗೆ ನಿಂತೇ ಇತ್ತು. ಅದು ಆರುವ ಮುನ್ನ ಇನ್ನೊಂದು ಸ್ವರ ಸೇರಿಸಿದರು, ಮತ್ತೆ ಇನ್ನೊಂದು. ಒಬ್ಬರು ಹಾಡಿದ್ದು ಮೂವರು ಹಾಡಿದಂತೆ ಕೇಳಿತು. ಈ ಕಲ್ಲಿನ ಕೆಳಗೆ ಅವಸರ ಮಾಡಿದರೆ ಹಾಡು ಕಲಸಿಹೋಗುತ್ತದೆ, ಅದಕ್ಕೇ ಅವರು ನಿಧಾನವಾಗಿ, ಎಲ್ಲರೂ ಒಂದೇ ದನಿಯಲ್ಲಿ ಹಾಡಬೇಕಿತ್ತು ಎಂದು ವಿವರಿಸಿದರು.

ಹೆಂಡತಿ ಕಂಬವೊಂದಕ್ಕೆ ಅಂಗೈ ಒತ್ತಿ ನಿಂತಿದ್ದಳು. ಗೈಡಿಗೆ ಫ್ರೆಂಚಿನಲ್ಲಿ ತಮ್ಮ ಏನೋ ಹೇಳಿದ. ಅವರು ಅವಳ ಕಡೆ ತಿರುಗಿ ನಕ್ಕು, ಬನ್ನಿ ಎಂಬಂತೆ ಕೈ ಚಾಚಿದರು.

“ಏನೋ ಹೇಳಿದೆ ಅವರಿಗೆ?”

“ನಮ್ಮಕ್ಕ ಹಾಡ್ತಾಳೆ ಅಂದೆ. ಸುಳ್ಳಾ?”

ಶ್ರುತಿ ಇಲ್ಲದೆ ಹೇಗೆ ಹಾಡುವುದು ಎಂದಳು. ಅದು ನೆಪವೂ ಹೌದು, ನಿಜವೂ ಹೌದು. ಶ್ರುತಿ ಇಲ್ಲದೆ ಬಾಯಿ ತೆರೆಯಬಾರದು ಎಂದು ಕಲಿತವಳು, ಹಾಗೆಯೇ ಕಲಿಸುತ್ತಿದ್ದವಳು. ತಮ್ಮ ಅದನ್ನು ಅನುವಾದಿಸಲು ಹೊರಟ. ಹಾಡುವವರಿಗೆ ಹಾಡಲು ಇನ್ನೇನು ಬೇಕು ಎಂದು ಗೈಡಿಗೆ ಅರ್ಥವಾಗಲಿಲ್ಲ. ಅವನು ಕೊನೆಗೆ ತುಟಿ ಮುಚ್ಚಿ, ಎರಡೂ ಕೈ ಅಗಲಿಸಿ, ‘ಊಂ’ ಎಂದು ಎಳೆದು ತೋರಿಸಿದ. ಕಲ್ಲು ಅದನ್ನೂ ದೊಡ್ಡದು ಮಾಡಿತು. ಪ್ರವಾಸಿಗಳು ನಕ್ಕರು. ಗೈಡ್ ನಗಲಿಲ್ಲ. ಅರ್ಥವಾಯಿತು ಎಂದು ತಲೆಯಾಡಿಸಿ, ಅದನ್ನು ನಾನು ಹಿಡಿಯುತ್ತೇನೆ ಎಂದು ತಮ್ಮನ ಮೂಲಕ ಹೇಳಿಸಿದರು.

ಹೆಂಡತಿ ಬಗ್ಗಿ ಶೂ ಬಿಚ್ಚಿದಳು. ಇಲ್ಲಿ ಯಾರೂ ಬಿಡಲ್ಲ ಅಕ್ಕ ಎಂದು ತಮ್ಮ ಪಿಸುಗುಟ್ಟಿದ. “ಹಾಡೋವಾಗ ಬಿಡ್ತಾರೆ,” ಎಂದಳು. ಗೈಡ್ ಆ ಶೂಗಳನ್ನು ನೋಡಿ, ಯಾರೂ ಎಡವದಿರಲೆಂದು ತಾವೇ ಎತ್ತಿ ಕಂಬದ ಬುಡದಲ್ಲಿಟ್ಟರು. ಬಳಿಕ ಕಣ್ಣು ಮುಚ್ಚಿ, ತಮಗೆ ಸುಲಭವಾದ ಎತ್ತರದಲ್ಲಿ ಒಂದು ಸ್ವರ ಹಿಡಿದರು.

ಅದು ಐದೂವರೆಗಿಂತ ಬಹಳ ಕೆಳಗಿತ್ತು. ನನಗೂ ಅಷ್ಟು ತಿಳಿಯಿತು.

ಏರಿಸಿ ಎಂದು ಕೇಳಬಹುದಿತ್ತು, ಆದರೆ ಹಾಗೆ ಕೇಳುವ ಪದ್ಧತಿ ಅವಳಿಗಿರಲಿಲ್ಲ. ಗುರುಗಳ ಮನೆಯಲ್ಲಿ ಶ್ರುತಿ ಗುರುಗಳದು. ಬಂದವರು ಅದಕ್ಕೆ ಸೇರಿಕೊಳ್ಳಬೇಕು. ತನಗಿಂತ ಹಿರಿಯಳಾದ ಒಬ್ಬಳು, ಪರಿಚಯವಿಲ್ಲದವಳು, ತನಗಾಗಿ ಶ್ರುತಿ ಹಿಡಿದು ನಿಂತಿದ್ದಾಳೆ. ಆ ಶ್ರುತಿ ನನಗಾಗದು ಎನ್ನುವುದು ಬಡಿಸಿದ ಎಲೆಯ ಮುಂದಿಂದ ಏಳುವಂತೆ ಎಂದು ಆಮೇಲೆ ನನಗೆ ಹೇಳಿದಳು. ಒಂದು ಗಳಿಗೆ ನಿಂತಳು. ನಂತರ ಆ ಸ್ವರವನ್ನೇ ಷಡ್ಜ ಮಾಡಿಕೊಂಡು ಸೇರಿದಳು.

ಸೇರಿದ ಮೇಲೆ ಎರಡು ದನಿಗಳಲ್ಲಿ ಯಾವುದು ಯಾರದು ಎಂದು ಹೇಳಲಾಗಲಿಲ್ಲ. ಗೈಡ್ ಉಸಿರು ತೆಗೆದುಕೊಂಡಾಗಲೂ ನಾದ ಕಡಿಯಲಿಲ್ಲ. ಆ ಬಿಡುವನ್ನು ಕಲ್ಲು ತುಂಬುತ್ತಿತ್ತು. ಅವಳು ಗಾಂಧಾರಕ್ಕೆ ಹೋಗಿ ನಿಂತಳು, ಪಂಚಮಕ್ಕೆ ಹೋದಳು. ಮೋಹನ ರಾಗದ ಐದು ಸ್ವರಗಳು. ಒಂದು ಕಡೆ ಅಭ್ಯಾಸಬಲದಿಂದ ಸ್ವರವನ್ನು ಗಮಕದಲ್ಲಿ ತೂಗಿದಾಗ ಪ್ರತಿಧ್ವನಿ ಕಲಸಿತು. ಅಲ್ಲಿಂದ ಮುಂದೆ ತೂಗಲಿಲ್ಲ, ಒಂದೊಂದನ್ನೂ ನೇರವಾಗಿ ನಿಲ್ಲಿಸಿದಳು. ಮಕ್ಕಳಿಗೆ ಮೊದಲ ತಿಂಗಳು ಹೇಳಿಕೊಡುವ ರೀತಿ ಅದು. ಪಂಚಮದಲ್ಲಿ ದನಿ ಒಡೆಯಲಿಲ್ಲ. ಧೈವತದಲ್ಲಿ ಸ್ವಲ್ಪ ತಡೆದಳು. ಮೇಲಿನ ಷಡ್ಜ ಬಂತು. ಅಂಚಿನಲ್ಲಿ ಉಸಿರಿತ್ತು, ಆದರೂ ನಿಂತಿತು. ಅಲ್ಲಿಗೇ ನಿಲ್ಲಿಸಿದಳು.

ನಾದ ಪೂರ್ತಿ ಆರಿದ ಮೇಲೆ ಗೈಡ್ ಏನೋ ಕೇಳಿದರು. ತಮ್ಮ ಅನುವಾದಿಸಿದ.

“ಅದು ಪ್ರಾರ್ಥನೆನಾ ಅಂತ ಕೇಳ್ತಿದಾರೆ.”

“ಅಲ್ಲ ಅಂತ ಹೇಳು,” ಎಂದಳು. “ಪಾಠ.”

ಹೊರಗೆ ಬಂದ ಮೇಲೆ ಅವಳು ಮಾತಾಡಲಿಲ್ಲ. ಬಾಯಿ ಮುಚ್ಚಿ ಆ ಷಡ್ಜವನ್ನು ಗುನುಗುತ್ತಿದ್ದಳು. ಅದು ಎಷ್ಟು ಮನೆ ಎಂದು ಅಳೆಯಲು ಕೈಯಲ್ಲಿ ಪೆಟ್ಟಿಗೆ ಇರಲಿಲ್ಲ, ಬಿಟ್ಟರೆ ತಪ್ಪಿಹೋಗುತ್ತದೆ. ತಮ್ಮನು ಕಾರಿನ ರೇಡಿಯೋಗೆ ಕೈ ಹಾಕಿದಾಗ ಹಿಂದಿನ ಸೀಟಿನಿಂದಲೇ ಅವನ ಕೈಗೆ ಹೊಡೆದಳು. ಅವನು ಬಾಯಿ ತೆರೆದಾಗ ಭುಜಕ್ಕೆ ಹೊಡೆದಳು. ಬೆಟ್ಟದ ತಿರುವುಗಳಲ್ಲಿ, ಟೋಲ್ ಕಟ್ಟುವಲ್ಲಿ, ಪೆಟ್ರೋಲ್ ಹಾಕಿಸುವಲ್ಲಿ, ಮನೆ ಮುಟ್ಟುವವರೆಗೂ ನಮ್ಮ ಮೂವರಲ್ಲಿ ಯಾರೂ ಮಾತಾಡಲಿಲ್ಲ. ಅವನಿಗೆ ಅದು ಬಹಳ ಕಷ್ಟವಾಯಿತೆಂದು ಕನ್ನಡಿಯಲ್ಲಿ ಕಾಣುತ್ತಿತ್ತು.

ಅವನ ಮಗಳ ಬಳಿ ಆಟದ ಪಿಯಾನೋ ಇತ್ತು, ಒಂದೊಂದು ಮನೆಗೂ ಒಂದೊಂದು ಪ್ರಾಣಿಯ ಚಿತ್ರ. ಹೆಂಡತಿ ಶೂ ಬಿಚ್ಚದೆಯೇ ನೆಲದ ಮೇಲೆ ಕೂತು ಒಂದೊಂದನ್ನೇ ಒತ್ತಿದಳು. ಬಾತುಕೋಳಿಯ ಮನೆಯಲ್ಲಿ ಸ್ವರ ಕೂಡಿತು.

“ನಾಲ್ಕು ಮನೆ,” ಎಂದಳು.

“ಈಗ ಮಾತಾಡಬಹುದಾ?” ಎಂದು ತಮ್ಮ ಕೇಳಿದ.

ಸನ್ನಿವೇಲ್‌ಗೆ ಮರಳಿದ ಮೊದಲ ಶನಿವಾರ ಅವಳು ಪೆಟ್ಟಿಗೆಯ ಮೇಲಿನ ಪಟ್ಟಿ ಕಿತ್ತಳು. ಅಂಟು ಸುಲಭವಾಗಿ ಹೋಗಲಿಲ್ಲ, ಉಗುರಿನಿಂದ ಕೆರೆಯಬೇಕಾಯಿತು. ಮಕ್ಕಳು ಬಂದು ಕೂತರು. ಪೆಟ್ಟಿಗೆ ಹಚ್ಚಿದಾಗ ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದಟ್ಸ್ ನಾಟ್ ಅವರ್ ‘ಸ’, ಎಂದಳು ದೊಡ್ಡ ಹುಡುಗಿ.

“ಇದೂ ‘ಸ’ನೇ ಕಣೇ. ಕೂತ್ಕೋ, ಕೇಳು.”

ಹೆಂಡತಿ ಹಾಡಿದಳು. ಏಳು ವರ್ಷದ ಆ ಹುಡುಗ ಆಗಲೇ ಎಂಟಕ್ಕೆ ಬಿದ್ದಿದ್ದ. “ಆಂಟಿ, ಯೂ ಆರ್ ಸಿಂಗಿಂಗ್,” ಎಂದ. ತಪ್ಪು ಹಿಡಿದವನ ದನಿಯಲ್ಲಿ ಹೇಳಿದ. ಅಡುಗೆಮನೆಯಲ್ಲಿದ್ದ ನನಗೆ ಅವಳ ಉತ್ತರ ಕೇಳಿಸಲಿಲ್ಲ. ಮತ್ತೆ ಸ್ವರವೇ ಕೇಳಿಸಿತು.

ಎಲ್ಲರಿಗೂ ಇದು ಒಪ್ಪಿಗೆಯಾಗಲಿಲ್ಲ. ಚಿಕ್ಕ ಮಕ್ಕಳ ಕಂಠಕ್ಕೆ ನಾಲ್ಕು ಮನೆ ತಗ್ಗು ಎಂಬುದು ನಿಜ. ಮಗಳನ್ನು ಸ್ಪರ್ಧೆಗೆ ತಯಾರು ಮಾಡಿಸುತ್ತಿದ್ದ ತಂದೆಯೊಬ್ಬರು ಬಾಗಿಲಲ್ಲಿ ನಿಂತು ಬಹಳ ಮರ್ಯಾದೆಯಿಂದ ಅದನ್ನೇ ಹೇಳಿದರು, ಮುಂದಿನ ತಿಂಗಳು ಮಗಳನ್ನು ಸ್ಯಾನ್ ಹೊಸೆಯ ಬೇರೆ ಟೀಚರ ಹತ್ತಿರ ಸೇರಿಸಿದರು. ಅವರು ಹೇಳಿದ್ದು ಸರಿ ಎಂದೇ ಹೆಂಡತಿ ಹೇಳಿದಳು. ಆಮೇಲೆ ಒಂದು ದಾರಿ ಕಂಡುಕೊಂಡಳು: ತಾನು ಹಾಡಿ ತೋರಿಸುವಾಗ ನಾಲ್ಕು, ಮಕ್ಕಳು ಹಾಡುವಾಗ ಐದೂವರೆ. ಪಾಠದ ನಡುವೆ ತಿರುಗಣೆ ಹಿಂದೆ ಮುಂದೆ ಓಡಾಡುತ್ತಿತ್ತು.

ಆಗಸ್ಟ್‌ನಲ್ಲಿ ವರ್ಷ ತುಂಬಿತು. ಡಾಕ್ಟರು ಮೂಗಿನಿಂದ ನಳಿಕೆ ಇಳಿಸಿ ನೋಡಿದರು. ಆ ಕಡೆಯ ತಂತು ಸ್ವಲ್ಪ ಚಲಿಸುತ್ತಿದೆ, ಪೂರ್ತಿ ಅಲ್ಲ, ಇನ್ನು ಇಷ್ಟೇ ಎಂದರು. ಅವಳು ಸರಿ ಎಂದಳು.

ಮುಂದಿನ ವರ್ಷ ಕಂಪನಿಗಳು ಒಂದೊಂದಾಗಿ ಮುಚ್ಚಿದವು. ಫ್ರೀವೇ ಪಕ್ಕದ ಫಲಕಗಳು ಖಾಲಿಯಾದವು. ಕೆಲವು ಮಕ್ಕಳ ಮನೆಯವರು ಬೆಂಗಳೂರಿಗೆ ಮರಳಿದರು. ಹಾಡಿ ಎಂದು ಕೇಳುತ್ತಿದ್ದ ಹುಡುಗನ ಮನೆಯವರು ಉಳಿದರು. ಆ ವರ್ಷ ಸನ್ನಿವೇಲ್‌ನ ದೇವಸ್ಥಾನದ ಸಂಗೀತೋತ್ಸವದಲ್ಲಿ ಹೆಂಡತಿ ಎರಡು ಕೃತಿ ಹಾಡಿದಳು. ತಂಬೂರಿ ಹಿಡಿದು ಹಿಂದೆ ಕೂತಿದ್ದವಳು ಆ ದೊಡ್ಡ ಹುಡುಗಿ.

ತಾರಸ್ಥಾಯಿಯ ಪಂಚಮ, ಅಂದರೆ ಮೇಲಿನ ಷಡ್ಜವನ್ನೂ ದಾಟಿದ ‘ಪ’, ಇವತ್ತಿಗೂ ಬಂದಿಲ್ಲ. ಶನಿವಾರದ ಕ್ಲಾಸು ಈಗಲೂ ಒಂಬತ್ತಕ್ಕೆ ಶುರುವಾಗುತ್ತದೆ.